ಅಬ್ಬಾ! ಇನ್ನೂರೇ ಪ್ರತಿಯ ಆ ಕೆಂಪು ಪ್ಲೇಟು

ಹೋದ ತಿಂಗಳು ಸ್ವೀಡನ್ನಿನ ‘ಅಬ್ಬಾ’ ಪಾಪ್ ಸಂಗೀತ ತಂಡದ ಬಗ್ಗೆ ಇಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ! ಹಾಸನದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕಾಲದಲ್ಲಿ ಈ ತಂಡದ ಹೆಸರಿನಿಂದ ಮನೆಯಲ್ಲಿ ದಿನಾ ತಮಾಷೆ. ಗಿರಾಕಿಗೆ ನಾನು “ಅಬ್ಬಾ ಇದೆ, ಅಬ್ಬಾ ಬೇಕಾ?” ಅಂದರೆ, ಒಳಗಿಂದ ಅಪ್ಪ “ಏನಾಯ್ತೋ, ಕೈಗೆ ಏಟಾಯ್ತಾ?” ಅನ್ನುತ್ತಿದ್ದರು. ಅಗ್ನೇತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್. ನಾಲ್ವರ ಮೊದಲ ಅಕ್ಷರ ಸೇರಿ ಆದ ಹೆಸರು ಅಂತ ಅವರಿಗೆ ಎಷ್ಟು ಸಲ ಹೇಳಿದರೂ ಅಷ್ಟೇ. ಈ ಸಲ ಇಡೀ ಅಂಕಣ ಅವರಿಗೇ ಬಿಟ್ಟಿದ್ದೇನೆ. ಯಕ್ಷಗಾನದ ಹಳೇ ಕ್ಯಾಸೆಟ್ ಕೇಳಿದವರು ದಯವಿಟ್ಟು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: 1983ರಲ್ಲಿ ಮಸ್ಕತ್‌ನಲ್ಲಿದ್ದ ನನ್ನ ಅಣ್ಣ ರಜೆಗೆ ಬರುವಾಗ ಅಬ್ಬಾ ಕ್ಯಾಸೆಟ್ ಎರಡು ತಂದಿದ್ದ. ಅದರಲ್ಲಿದ್ದ ‘ಲವ್‌ಲೈಟ್’, ‘ಇಲೇನ್’, ‘ಕ್ರೇಜಿ ವರ್ಲ್ಡ್’ ನನಗೆ ಬಾಯಿಪಾಠ. ಸ್ಪ್ಯಾನಿಷ್‌ನಲ್ಲಿ ಹಾಡಿದ ‘ಚಿಕಿಟೀಟಾ’ ಕೂಡ ಇತ್ತು. ಟೇಪು ಹರಿದು ಎಷ್ಟೋ ವರ್ಷವಾಯಿತು. ಮಗ ‘ಅಬ್ಬಾ ಗೋಲ್ಡ್’ ಸಿಡಿ ತಂದುಕೊಟ್ಟ, ಇವು ಒಂದೂ ಅದರಲ್ಲಿ ಇಲ್ಲ. ಡಿಸೆಂಬರಿಗೆ ಅಣ್ಣನಿಗೆ ಎಪ್ಪತ್ತು ತುಂಬುತ್ತದೆ. ಈ ಹಾಡುಗಳು ಸಿಡಿಯಲ್ಲಿ ಸಿಗುತ್ತವೆಯೇ? ಫೋನಿನಲ್ಲಿ ಕೇಳಿ ಅನ್ನಬೇಡಿ. ಅವನಿಗೆ ಕೈಯಲ್ಲಿ ಹಿಡಿಯುವ ವಸ್ತು ಬೇಕು.
(ಓದುಗರೊಬ್ಬರು, ಕಂಕನಾಡಿ, ಮಂಗಳೂರು)

ಉತ್ತರ: ಸಿಗುತ್ತವೆ ಅಕ್ಕಾ, ನಾಲ್ಕೂ ಸಿಗುತ್ತವೆ. ಖರ್ಚೂ ನೀವು ಹೆದರಿಕೊಂಡಷ್ಟು ಇಲ್ಲ.

ಮೊದಲು, ‘ಗೋಲ್ಡ್’ನಲ್ಲಿ ಯಾಕಿಲ್ಲ ಅಂತ ಹೇಳುತ್ತೇನೆ. ಆ ಕಾಲದಲ್ಲಿ ಹಿಟ್ ಹಾಡೊಂದನ್ನು ಸಣ್ಣ ಪ್ಲೇಟಿನಲ್ಲಿ ಮಾರುತ್ತಿದ್ದರು. ಮುಂದಿನ ಬದಿಗೆ ಹಿಟ್ ಹಾಡು, ಹಿಂಬದಿಗೆ ಇನ್ನೊಂದು. ಹಿಂಬದಿ ಖಾಲಿ ಬಿಡಲು ಆಗುವುದಿಲ್ಲವಲ್ಲ. ಎಷ್ಟೋ ಸಲ ಆ ಹಿಂಬದಿ ಹಾಡನ್ನು ದೊಡ್ಡ ಪ್ಲೇಟಿಗೆ, ಅಂದರೆ ಎಲ್‌ಪಿಗೆ, ಹಾಕುತ್ತಲೇ ಇರಲಿಲ್ಲ. ನಿಮ್ಮ ಮೂರು ಹಾಡೂ ಅಂಥವೇ. ‘ಕ್ರೇಜಿ ವರ್ಲ್ಡ್’ 1976ರ ‘ಮನಿ, ಮನಿ, ಮನಿ’ಯ ಬೆನ್ನಿಗಿತ್ತು. ‘ಲವ್‌ಲೈಟ್’ 1979ರ ‘ಚಿಕಿಟೀಟಾ’ದ ಬೆನ್ನಿಗೆ. ‘ಇಲೇನ್’ 1980ರ ‘ದ ವಿನ್ನರ್ ಟೇಕ್ಸ್ ಇಟ್ ಆಲ್’ ಬೆನ್ನಿಗೆ. ‘ಗೋಲ್ಡ್’ 1992ರಲ್ಲಿ ಬಂದದ್ದು, ಬರೀ ಹಿಟ್ ಹಾಡು, ಹತ್ತೊಂಬತ್ತು. ಊರಿಗೆಲ್ಲಾ ಗೊತ್ತಿದ್ದದ್ದನ್ನು ಒಟ್ಟು ಹಾಕಿದ ಸಿಡಿ ಅದು. ಗಲ್ಫ್‌ನಿಂದ ಬರುತ್ತಿದ್ದ ಕ್ಯಾಸೆಟ್‌ಗಳಲ್ಲಿ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದರು. ಹಾಗಾಗಿಯೇ ನಿಮಗೆ ಹಿಂಬದಿ ಹಾಡಿನ ಹುಚ್ಚು ಹತ್ತಿದ್ದು!

ಈಗ ಕೊಳ್ಳುವ ಮಾತು. 2001ರಲ್ಲಿ ಅಬ್ಬಾದ ಹಳೇ ಆಲ್ಬಂಗಳನ್ನು ರೀಮಾಸ್ಟರ್ ಮಾಡಿ, ಅಂದರೆ ಧ್ವನಿಯನ್ನು ಹೊಸದಾಗಿ ಹದಗೊಳಿಸಿ, ಮತ್ತೆ ಸಿಡಿಗೆ ತಂದರು. ಆಗ ಇಂಥ ಹಿಂಬದಿ ಹಾಡುಗಳನ್ನು ಆಯಾ ಆಲ್ಬಂನ ಕೊನೆಗೆ ಸೇರಿಸಿದರು. ನಿಮಗೆ ಬೇಕಾದದ್ದು ಮೂರು: 1975ರ ‘ಅಬ್ಬಾ’ ಎಂಬ ಹೆಸರಿನದೇ ಆಲ್ಬಂ, ಅದರಲ್ಲಿ ‘ಕ್ರೇಜಿ ವರ್ಲ್ಡ್’. ‘ವೂಲೇ-ವೂ’, ಅದರಲ್ಲಿ ‘ಲವ್‌ಲೈಟ್’. ‘ಸೂಪರ್ ಟ್ರೂಪರ್’, ಅದರಲ್ಲಿ ‘ಇಲೇನ್’.

ಆದರೆ ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಹಳೇ ಸಿಡಿಗೂ 2001ರ ಸಿಡಿಗೂ ಮುಖಚಿತ್ರ ಒಂದೇ. ಮಾರುವವರಿಗೇ ಎಷ್ಟೋ ಸಲ ವ್ಯತ್ಯಾಸ ಗೊತ್ತಿರುವುದಿಲ್ಲ. ಆದ್ದರಿಂದ ಮುಂದುಗಡೆ ನೋಡಬೇಡಿ. ಹಿಂಬದಿಯ ಫೋಟೊ ಕಳಿಸಿ ಅನ್ನಿ, ಹಾಡು ಎಣಿಸಿ. ‘ಸೂಪರ್ ಟ್ರೂಪರ್’ನಲ್ಲಿ ಹತ್ತೇ ಇದ್ದರೆ ಅದು ಹಳೆಯದು, ನಿಮ್ಮ ‘ಇಲೇನ್’ ಇಲ್ಲ. ಹನ್ನೆರಡು ಇದ್ದರೆ ತೆಗೆದುಕೊಳ್ಳಿ. ‘ವೂಲೇ-ವೂ’ ಹತ್ತರ ಬದಲು ಹದಿಮೂರು ಇರಬೇಕು. ‘ಅಬ್ಬಾ’ ಹನ್ನೊಂದರ ಬದಲು ಹದಿಮೂರು. ಅಂಗಡಿಯಲ್ಲಿ ನಾನು ಬಾಳೆಹಣ್ಣು ಎಣಿಸುವ ಹಾಗೆ ಹಾಡು ಎಣಿಸುತ್ತಿದ್ದೆ. ಈಗಲೂ ಅದೇ ಅಭ್ಯಾಸ.

ಸ್ಪ್ಯಾನಿಷ್ ‘ಚಿಕಿಟೀಟಾ’ಕ್ಕೆ ‘ಗ್ರಾಸಿಯಾಸ್ ಪೋರ್ ಲಾ ಮೂಸಿಕಾ’ ಅಂತ ಕೇಳಿ. 1980ರಲ್ಲಿ ಹತ್ತು ಹಾಡುಗಳ ಎಲ್‌ಪಿಯಾಗಿ ಬಂದದ್ದು. ಹಾಡುವ ಇಬ್ಬರು ಹೆಣ್ಣುಮಕ್ಕಳು, ಅಗ್ನೇತಾ ಮತ್ತು ಆನಿ-ಫ್ರಿಡ್, ಇಬ್ಬರಿಗೂ ಸ್ಪ್ಯಾನಿಷ್ ಬರುತ್ತಿರಲಿಲ್ಲ. ನಮ್ಮ ಕೆಲವು ಹಿನ್ನೆಲೆ ಗಾಯಕರು ಕನ್ನಡ ಸಾಲನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರಲ್ಲ, ಹಾಗೆ ಉಚ್ಚಾರ ಕಲಿತು ಹಾಡಿದರು. ಆದರೂ ಲ್ಯಾಟಿನ್ ಅಮೆರಿಕದಲ್ಲಿ ಆ ಹಾಡು ಎಷ್ಟು ಓಡಿತೆಂದರೆ, ಅದರ ಬಲದಿಂದಲೇ ಇಡೀ ಸ್ಪ್ಯಾನಿಷ್ ಆಲ್ಬಂ ಹುಟ್ಟಿತು. ಇದೇ ಹಾಡುಗಳು ‘ಅಬ್ಬಾ ಓರೋ’ ಎಂಬ ಸಿಡಿಯಲ್ಲೂ ಇವೆ. ಯಾವುದು ಸುಲಭಕ್ಕೆ ಸಿಗುತ್ತದೋ ಅದು.

ಎಲ್ಲಿ ಹುಡುಕುವುದು? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ಸಾಲು ಗೊತ್ತಲ್ಲ, ಅಲ್ಲಿ ಒಮ್ಮೊಮ್ಮೆ ಗೋಣಿಚೀಲದ ಮೇಲೆ ಸಿಡಿ ಹರಡಿರುತ್ತಾರೆ. ‘ಗೋಲ್ಡ್’ ನೂರು ಸಿಕ್ಕರೆ ‘ಸೂಪರ್ ಟ್ರೂಪರ್’ ಒಂದು ಸಿಗಬಹುದು. ಡಿಸೆಂಬರ್ ಗಡುವು ಇರುವುದರಿಂದ ಅದನ್ನು ನಂಬಿ ಕೂರಬೇಡಿ. ಮಗನಿಗೆ ‘ಡಿಸ್ಕಾಗ್ಸ್’ ಎಂಬ ವೆಬ್‌ಸೈಟ್ ತೆರೆಯಲು ಹೇಳಿ. ಯಾವ ಸಿಡಿ ಯಾವ ದೇಶದಲ್ಲಿ ಯಾವ ವರ್ಷ ಬಂತು, ಅದರ ನಂಬರ್ ಏನು, ಒಳಗೆ ಎಷ್ಟು ಹಾಡು, ಎಲ್ಲಾ ಅಲ್ಲಿ ಒಂದೊಂದಾಗಿ ದಾಖಲಾಗಿದೆ. ಕೆಳಗೆ ಮಾರುವವರ ಪಟ್ಟಿ ಇರುತ್ತದೆ. ನಾಲ್ಕು ಸಿಡಿ ನಾಲ್ಕು ಜನರ ಹತ್ತಿರ ಕೊಂಡರೆ ನಾಲ್ಕು ಸಲ ಅಂಚೆ ಖರ್ಚು. ನಾಲ್ಕೂ ಇರುವ ಒಬ್ಬರನ್ನು ಹುಡುಕಿ, ಸಿಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಒಟ್ಟು ಲೆಕ್ಕದಲ್ಲಿ ಉಳಿಯುತ್ತದೆ. ಹೊರದೇಶದಿಂದ ಬಂದರೆ ಕಸ್ಟಮ್ಸ್ ಸುಂಕ ಬೀಳಬಹುದು, ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ದುಡ್ಡು ಕೇಳಿದರೆ ಗಾಬರಿಯಾಗಬೇಡಿ. ಮತ್ತೆ, ಈಗಲೇ ಆರ್ಡರ್ ಮಾಡಿ. ಪಾರ್ಸಲ್‌ಗೆ ನಿಮ್ಮ ಅಣ್ಣನ ಹುಟ್ಟುಹಬ್ಬ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಆ ಹರಿದ ಕ್ಯಾಸೆಟ್ ಬಿಸಾಡಿಲ್ಲ ತಾನೇ? ಟೇಪು ಹರಿದಿದ್ದರೆ ಅಂಟಿಸಬಹುದು. ಎರಡು ತುದಿಯನ್ನೂ ಓರೆಯಾಗಿ ಕತ್ತರಿಸಿ, ಒಂದಕ್ಕೊಂದು ತಾಗಿಸಿ ಇಟ್ಟು, ಹೊಳೆಯುವ ಹಿಂಬದಿಗೆ ಅಂಟುಪಟ್ಟಿ ಹಾಕಬೇಕು. ಅಗಲ ಜಾಸ್ತಿಯಾದರೆ ಬ್ಲೇಡಿನಲ್ಲಿ ಅಂಚು ಸವರಬೇಕು. ಆಮೇಲೆ ಪೆನ್ಸಿಲ್ ತೂರಿಸಿ ಸುತ್ತುವುದು ನಿಮಗೇ ಗೊತ್ತು. ಒಂದು ಸೆಕೆಂಡಿನಷ್ಟು ಹಾಡು ಹೋಗುತ್ತದೆ, ಅಷ್ಟೇ. ಸಿಡಿಗಳ ಜೊತೆ ಅದನ್ನೂ ಕೊಡಿ.

ಪ್ರಶ್ನೆ: ಒಬ್ಬರು ‘ಹೋವಾಸ್ ವಿಟ್ನೆ’ ಎಂಬ ಅಬ್ಬಾ ಹಾಡು ಇರುವ ‘ಅಪರೂಪದ ಒರಿಜಿನಲ್ ಸಿಡಿ’ ಮಾರಾಟಕ್ಕಿಟ್ಟಿದ್ದಾರೆ. ಬೆಲೆ ನನ್ನ ಎರಡು ತಿಂಗಳ ಹಾಸ್ಟೆಲ್ ಖರ್ಚು. ಕೊಳ್ಳಲೇ?
(ವಿದ್ಯಾರ್ಥಿ, ಧಾರವಾಡ)

ಉತ್ತರ: ಬೇಡ. ಹಾಸ್ಟೆಲ್ ದುಡ್ಡು ಕಟ್ಟಪ್ಪ.

ಆ ಹಾಡಿನ ‘ಒರಿಜಿನಲ್ ಸಿಡಿ’ ಎಂಬುದೇ ಇಲ್ಲ. ಅಬ್ಬಾದ ಮ್ಯಾನೇಜರ್ ಸ್ಟಿಗ್ ಆಂಡರ್ಸನ್. ತಂಡದ ಎಷ್ಟೋ ಹಾಡಿಗೆ ಸಾಹಿತ್ಯ ಬರೆದವರೂ ಅವರೇ, ಪೋಲಾರ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದವರೂ ಅವರೇ. ಅವರು ಬೆಳೆದ ಊರಿನ ಹೆಸರು ಹೋವಾ. 1981ರ ಜನವರಿಯಲ್ಲಿ ಅವರಿಗೆ ಐವತ್ತು ತುಂಬಿದಾಗ, ಊರಿನ ಹೆಸರಿನ ಮೇಲೆ ಶ್ಲೇಷೆ ಮಾಡಿ (‘ಯೆಹೋವನ ಸಾಕ್ಷಿ’ ಅನ್ನುವ ಕಡೆ ‘ಹೋವಾದ ಸಾಕ್ಷಿ’) ತಂಡದವರು ಈ ತಮಾಷೆ ಹಾಡು ಹಾಡಿ ಉಡುಗೊರೆ ಕೊಟ್ಟರು. ಸ್ವೀಡಿಷ್ ಹಾಡು. ಹಿಂಬದಿಗೆ ಸ್ಟಿಗ್ ಅವರದೇ ಹಳೇ ಟ್ಯೂನ್ ‘ತೀವೆಡ್ಸ್‌ಹಂಬೊ’. ಹನ್ನೆರಡು ಇಂಚಿನ ಕೆಂಪು ಪ್ಲೇಟು, ಒತ್ತಿಸಿದ್ದು ಇನ್ನೂರೇ ಪ್ರತಿ. ಸ್ನೇಹಿತರಿಗೆ ಹಂಚಿದರು, ಅಂಗಡಿಗೆ ಬರಲೇ ಇಲ್ಲ. ಕಂಪನಿ ಅದನ್ನು ಸಿಡಿಗೂ ತಂದಿಲ್ಲ. ಹಾಗಾದರೆ ಸಿಡಿಯಲ್ಲಿ ಇರುವುದು ಏನು? ಯಾರೋ ಆ ಪ್ಲೇಟನ್ನು ಮನೆಯಲ್ಲಿ ಹಾಕಿ ಕಾಪಿ ಮಾಡಿಕೊಂಡದ್ದು.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ಕೇಳಬಹುದು. ನಾನೇ ಕೊಂಡು ಕೆಟ್ಟಿದ್ದೇನೆ. ಅಂಗಡಿ ಮುಚ್ಚಿದ ಮೇಲೆ, ಹೊರದೇಶದ ಒಬ್ಬ ಮಾರಾಟಗಾರರಿಂದ ‘1980ರ ದಶಕದ ಅಪರೂಪದ ಒತ್ತು’ ಅಂತ ತರಿಸಿದೆ. ಒಂದೂವರೆ ತಿಂಗಳು ಕಾದೆ. ಪ್ಯಾಕೆಟ್ ಬಿಚ್ಚಿ, ಸಿಡಿ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಕೆಳಮೈ ತಿಳಿಹಸಿರು! ಕಾರ್ಖಾನೆಯಲ್ಲಿ ಒತ್ತಿದ ಸಿಡಿ ಕನ್ನಡಿಯ ಹಾಗೆ ಬೆಳ್ಳಿ ಬಣ್ಣ ಇರುತ್ತದೆ. ಹಸಿರು, ನೀಲಿ, ನೇರಳೆ ಕಂಡರೆ ಅದು ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ್ದು. ಅಷ್ಟಾದರೂ ಹಾಕಿ ನೋಡಿದೆ. ಇಪ್ಪತ್ತು ಹಾಡಿನಲ್ಲಿ ಹದಿನಾಲ್ಕು ನನ್ನ ಹತ್ತಿರ ಆಗಲೇ ಇದ್ದವು. ‘ಹೋವಾಸ್ ವಿಟ್ನೆ’ ಬಂದಾಗ ಹಾಡಿಗಿಂತ ಮೊದಲು ಕೇಳಿದ್ದು ಮುಳ್ಳು ಇಟ್ಟ ಸದ್ದು. ಟಪ್. ಆಮೇಲೆ ಚರಚರ. ಸಿಡಿಯಲ್ಲಿ ಪ್ಲೇಟಿನ ಮುಳ್ಳಿನ ಸದ್ದು ಕೇಳಿ ನನ್ನಾಕೆ ಅಡುಗೆಮನೆಯಿಂದ ಬಂದು “ಇದಕ್ಕಾ ಅಷ್ಟು ದುಡ್ಡು?” ಅಂದಳು. ನಾನು ಏನೂ ಹೇಳಲಿಲ್ಲ.

ಇನ್ನು ಮುಂದೆ ಯಾವುದೇ ಹಳೇ ಸಿಡಿ ಕೊಳ್ಳುವಾಗ ನಡುವಿನ ತೂತಿನ ಸುತ್ತ ಇರುವ ಉಂಗುರದ ಫೋಟೊ ಕೇಳಿ. ಟಾರ್ಚ್ ಓರೆಯಾಗಿ ಬಿಟ್ಟರೆ ಸಣ್ಣ ಅಕ್ಷರ, ಅಂಕಿ ಕಾಣುತ್ತವೆ. ಅಲ್ಲಿ ‘ಐಎಫ್‌ಪಿಐ’ ಅಂತ ಕೋಡ್ ಇದ್ದರೆ ಅದು 1994ಕ್ಕೆ ಮುಂಚಿನ ಒತ್ತು ಅಲ್ಲ. ಆ ಗುರುತು ಶುರುವಾದದ್ದೇ ಆಗ. ‘ಮೇಡ್ ಇನ್ ವೆಸ್ಟ್ ಜರ್ಮನಿ’ ಅಂತಿದ್ದರೆ ಹಳೆಯದು ಅನ್ನುವುದಕ್ಕೆ ಒಳ್ಳೇ ಸಾಕ್ಷಿ, ಯಾಕೆಂದರೆ 1990ರ ನಂತರ ಆ ದೇಶವೇ ಇಲ್ಲ. ಅಂಚಿನಿಂದ ಒಳಕ್ಕೆ ಕಂದು ಬಣ್ಣ ಹತ್ತಿದ್ದರೆ ಎಷ್ಟೇ ಅಗ್ಗವಾದರೂ ಬೇಡ, ಒಳಗೆ ತುಕ್ಕು ಹಿಡಿದಿದೆ ಅಂತಲೇ ತಿಳಿಯಿರಿ.

ಪ್ರಶ್ನೆ: ‘ಫರ್ನಾಂಡೊ’ ಸ್ವೀಡಿಷ್‌ನಲ್ಲಿ ಇದೆಯಂತೆ. ಅಬ್ಬಾದ ಯಾವ ಸಿಡಿಯಲ್ಲಿ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಅಬ್ಬಾದ ಸಿಡಿಯಲ್ಲಿ ಹುಡುಕಬೇಡಿ. ಅದು ಆನಿ-ಫ್ರಿಡ್ ಒಬ್ಬರೇ ಹಾಡಿದ್ದು, 1975ರ ‘ಫ್ರಿಡಾ ಎನ್ಸಾಮ್’ ಎಂಬ ಅವರ ಸ್ವಂತ ಆಲ್ಬಂನಲ್ಲಿ. ಅಬ್ಬಾದ ಇಂಗ್ಲಿಷ್ ‘ಫರ್ನಾಂಡೊ’ ಬಂದದ್ದು ಆಮೇಲೆ, 1976ರಲ್ಲಿ. ಟ್ಯೂನ್ ಅದೇ, ಕತೆ ಬೇರೆ. ಇಂಗ್ಲಿಷ್‌ನಲ್ಲಿ ಇಬ್ಬರು ಹಳೇ ಹೋರಾಟಗಾರರ ನೆನಪು. ಸ್ವೀಡಿಷ್‌ನಲ್ಲಿ ಪ್ರೀತಿ ಕಳೆದುಕೊಂಡ ಫರ್ನಾಂಡೊನಿಗೆ ಸಮಾಧಾನ ಹೇಳುವುದು. ನನಗೆ ಸ್ವೀಡಿಷ್‌ನದೇ ಜಾಸ್ತಿ ಇಷ್ಟ. ಭಾಷೆ ಬಾರದಿದ್ದರೂ ದನಿಯಲ್ಲಿ ತಲೆ ಸವರಿದ ಹಾಗಿದೆ.

ಪ್ರಶ್ನೆ: ಒಂದೊಂದೇ ಕೊಳ್ಳುವ ಬದಲು ದೊಡ್ಡ ಪೆಟ್ಟಿಗೆ (ಹಲವು ಸಿಡಿಯ ಬಾಕ್ಸ್ ಸೆಟ್) ತೆಗೆದುಕೊಂಡರೆ ಎಲ್ಲಾ ಸಿಗುತ್ತದಲ್ಲ? 1994ರದು ಒಳ್ಳೆಯದೋ 2005ರದೋ?
(ಓದುಗರು, ಶಿವಮೊಗ್ಗ)

ಉತ್ತರ: ಎರಡರ ಗುಣವೂ ಬೇರೆ. 1994ರ ‘ಥ್ಯಾಂಕ್ ಯೂ ಫಾರ್ ದ ಮ್ಯೂಸಿಕ್’ ನಾಲ್ಕು ಸಿಡಿಯದು. ಆಲ್ಬಂಗಳು ಪೂರ್ತಿ ಇಲ್ಲ. ಆದರೆ ನಾಲ್ಕನೇ ಸಿಡಿ ಇದೆಯಲ್ಲ, ಅದು ಅಟ್ಟದ ಮೇಲಿನ ಟ್ರಂಕ್ ತೆಗೆದ ಹಾಗೆ. ಬಿಡುಗಡೆಯೇ ಆಗದಿದ್ದ ‘ಡ್ರೀಮ್ ವರ್ಲ್ಡ್’, ‘ಪುಟ್ ಆನ್ ಯುವರ್ ವೈಟ್ ಸೊಂಬ್ರೆರೊ’ ಅಲ್ಲೇ ಮೊದಲು ಹೊರಬಂದವು. ‘ಸಮ್ಮರ್ ನೈಟ್ ಸಿಟಿ’ಯ ಕತ್ತರಿಸಿ ತೆಗೆದಿದ್ದ ಆರಂಭವೂ ಸೇರಿ ಪೂರ್ತಿ ಹಾಡಿದೆ. ಕೊನೆಗೆ ಅರ್ಧಕ್ಕೆ ಬಿಟ್ಟ ಹಾಡುಗಳ ತುಣುಕನ್ನೆಲ್ಲ ಹೊಲಿದು ಮಾಡಿದ ‘ಅಬ್ಬಾ ಅನ್‌ಡಿಲೀಟೆಡ್’, 23 ನಿಮಿಷ. ಮಧ್ಯೆ ಮಾತು, ನಗು, ತಪ್ಪು ಎಲ್ಲಾ ಇದೆ. ನಮ್ಮ ಅಂಗಡಿಗೆ ಸಕಲೇಶಪುರದ ಕಾಫಿ ಎಸ್ಟೇಟಿನವರು ಜೀಪಿನಲ್ಲಿ ಬಂದು, ಚೀಟಿಯಲ್ಲಿ ಹಾಡು ಬರೆದುಕೊಟ್ಟು ಕ್ಯಾಸೆಟ್ ತುಂಬಿಸಿಕೊಂಡು ಹೋಗುತ್ತಿದ್ದರು. ಈ ತುಣುಕು ಮಾತ್ರ ಯಾರೂ ಬರೆಸಲಿಲ್ಲ. ನಾನೇ ಸುಮ್ನೆ ಕ್ಯಾಸೆಟ್ಟಿನ ಕೊನೆಯಲ್ಲಿ ಜಾಗ ಉಳಿದರೆ ಸೇರಿಸಿ ಕೊಡುತ್ತಿದ್ದೆ. ಒಬ್ಬರು ವಾಪಸ್ ತಂದು “ಹಾಡು ಕಟ್ ಆಗಿದೆ ರೀ” ಅಂತ ಜಗಳವಾಡಿದ್ದರು.

2005ರ ‘ದ ಕಂಪ್ಲೀಟ್ ಸ್ಟುಡಿಯೊ ರೆಕಾರ್ಡಿಂಗ್ಸ್’ ಒಂಬತ್ತು ಸಿಡಿ, ಎರಡು ಡಿವಿಡಿ. ಹಾಡಿನ ಸಂಖ್ಯೆ ನೋಡಿದರೆ ಅದೇ ಗೆಲ್ಲುತ್ತದೆ. ಧ್ವನಿ ನೋಡಿದರೆ ನನ್ನ ಓಟು ಅದಕ್ಕಿಲ್ಲ. ಎಲ್ಲವನ್ನೂ ಜೋರು ಮಾಡಿದ್ದಾರೆ. ಮೆಲ್ಲಗಿರಬೇಕಾದ್ದು, ಜೋರಾಗಿ ಬರಬೇಕಾದ್ದು ಎರಡೂ ಒಂದೇ ಮಟ್ಟಕ್ಕೆ ಬಂದಿದೆ. ಟೇಪಿನ ‘ಸ್ಸ್‌ಸ್’ ಸದ್ದು ತೆಗೆಯಲು ಹೋಗಿ ತಾಳದ ಹೊಳಪನ್ನೂ ಒರೆಸಿಬಿಟ್ಟಿದ್ದಾರೆ. ಒರಳಲ್ಲಿ ರುಬ್ಬಿದ ಚಟ್ನಿಯಲ್ಲಿ ಕಾಯಿಯ ತರಿ ನಾಲಿಗೆಗೆ ಸಿಗುತ್ತದಲ್ಲ, ಇದು ಮಿಕ್ಸಿಯಲ್ಲಿ ನುಣ್ಣಗಾದದ್ದು. ಅಬ್ಬಾಕ್ಕೆ ಇದು ಅನ್ಯಾಯ. ಅವರ ಇಂಜಿನಿಯರ್ ಮೈಕೆಲ್ ಟ್ರೆಟೋವ್, ‘ರಿಂಗ್ ರಿಂಗ್’ ಹಾಡಿಗೆ ವಾದ್ಯಗಳನ್ನೆಲ್ಲ ಎರಡು ಸಲ ನುಡಿಸಿ, ಎರಡನೇ ಸಲ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸಿ, ಒಂದರ ಮೇಲೊಂದು ಕೂರಿಸಿದವರು. ಹಾಗೆ ಪದರ ಪದರ ಕಟ್ಟಿದ್ದನ್ನು ಒತ್ತಿ ಚಪ್ಪಟೆ ಮಾಡಿದರೆ ಏನುಳಿಯಿತು?

ನನ್ನ ಸಲಹೆ: 1994ರ ಪೆಟ್ಟಿಗೆ, ಜೊತೆಗೆ ಇಷ್ಟವಾದ ಆಲ್ಬಂಗಳ ಬಿಡಿ ಸಿಡಿ. ಧ್ವನಿಯೇ ಮುಖ್ಯ ಅನ್ನುವವರು 1980ರ ದಶಕದ ಸಿಡಿ ಹುಡುಕಿ. ಅಂದ ಹಾಗೆ ‘ದ ವಿಸಿಟರ್ಸ್’ ಪ್ರಪಂಚದಲ್ಲೇ ಮೊಟ್ಟಮೊದಲು ಒತ್ತಿದ ಸಿಡಿಗಳಲ್ಲಿ ಒಂದು, 1982ರ ಆಗಸ್ಟ್‌ನಲ್ಲಿ, ಜರ್ಮನಿಯ ಹ್ಯಾನೋವರ್ ಪಕ್ಕದ ಕಾರ್ಖಾನೆಯಲ್ಲಿ. ಅದೇ ಆಲ್ಬಂನ 2012ರ ಡಿಲಕ್ಸ್ ಆವೃತ್ತಿ ಕೂಡ ಬಿಡಬೇಡಿ. ಕೊನೇ ಹಾಡು ಹೇಗೆ ಹುಟ್ಟಿತು ಅಂತ ಹಂತಹಂತವಾಗಿ ಕೇಳಿಸುವ ಒಂದು ಡೆಮೊ (ಕರಡು ರೆಕಾರ್ಡಿಂಗ್) ಅದರಲ್ಲಿದೆ. ತುಂಬಾ ಹಳೆಯದು ಬೇಕೆನ್ನುವವರಿಗೆ 2013ರ ‘ರಿಂಗ್ ರಿಂಗ್’ ಡಿಲಕ್ಸ್. ತಂಡಕ್ಕೆ ಅಬ್ಬಾ ಅಂತ ಹೆಸರಿಡುವ ಮುಂಚಿನ ‘ಹೇ, ಗಾಮ್ಲೆ ಮಾನ್’ ಕೂಡ ಅದರಲ್ಲಿ ಸಿಗುತ್ತದೆ.

ಪ್ರಶ್ನೆ: ‘ಜಸ್ಟ್ ಲೈಕ್ ದಟ್’ ಪೂರ್ತಿ ಹಾಡು ಯಾವ ಸಿಡಿಯಲ್ಲಿದೆ?
(ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಯಾವುದರಲ್ಲೂ ಇಲ್ಲ. 1982ರಲ್ಲಿ ರೆಕಾರ್ಡ್ ಮಾಡಿದರು, ಬೇಡ ಅಂತ ಎತ್ತಿಟ್ಟರು. ಮೇಲೆ ಹೇಳಿದ ‘ಅನ್‌ಡಿಲೀಟೆಡ್’ನಲ್ಲಿ ಒಂದು ತುಣುಕು ಇದೆ, ಅಷ್ಟೇ. ಆದರೆ ಆಸೆ ಬಿಡಬೇಡಿ. ‘ಜಸ್ಟ್ ಎ ನೋಷನ್’ ನೆನಪಿದೆಯಾ? 1978ರಲ್ಲಿ ಹಾಡಿದ್ದು. 1994ರಲ್ಲಿ ತುಣುಕು ಮಾತ್ರ ಕೇಳಿಸಿದರು. 2021ರ ‘ವಾಯೇಜ್’ನಲ್ಲಿ ಅದೇ ಹಳೇ ದನಿಗೆ ಹೊಸ ವಾದ್ಯ ಸೇರಿಸಿ ಪೂರ್ತಿ ಕೊಟ್ಟರು. ನಲವತ್ತಮೂರು ವರ್ಷ. ನಿಮಗೆ ಈಗ ವಯಸ್ಸೆಷ್ಟು?

ಪ್ರಶ್ನೆ: ಸಿಡಿ ಇವೆ, ಹಾಕಲು ಪ್ಲೇಯರೇ ಇಲ್ಲ. ಹೊಸ ಲ್ಯಾಪ್‌ಟಾಪಿನಲ್ಲೂ ಸಿಡಿ ಹಾಕುವ ಜಾಗ ಇಲ್ಲ.
(ಓದುಗರು, ಚಿಕ್ಕಮಗಳೂರು)

ಉತ್ತರ: ಯುಎಸ್‌ಬಿ ಡಿವಿಡಿ ಡ್ರೈವ್ ಅಂತ ಕೇಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಹಾಡನ್ನು ಕಂಪ್ಯೂಟರಿಗೆ ಇಳಿಸಲು ‘ಎಕ್ಸ್ಯಾಕ್ಟ್ ಆಡಿಯೊ ಕಾಪಿ’ ಉಚಿತ ಸಾಫ್ಟ್‌ವೇರ್. ಧ್ವನಿ ಒಂಚೂರೂ ಕಳೆಯದ ‘ಫ್ಲ್ಯಾಕ್’ ಫೈಲಾಗಿ ಉಳಿಸಿ, ಎಂಪಿ3 ಬೇಡ. ಸಿಡಿ ಒರೆಸುವಾಗ ರೊಟ್ಟಿ ತಟ್ಟಿದ ಹಾಗೆ ಸುತ್ತಬೇಡಿ. ನಡುವಿನಿಂದ ಅಂಚಿಗೆ ನೇರ ಎಳೆಯಿರಿ.

ಪ್ರಶ್ನೆ: ನಿಮ್ಮ ಹತ್ತಿರ ಇರುವ 1994ರ ಪೆಟ್ಟಿಗೆ ಮಾರುತ್ತೀರಾ?
(ಓದುಗರು, ತುಮಕೂರು)

ಉತ್ತರ: ಇಲ್ಲ. ಹಸಿರು ಬಣ್ಣದ ಆ ಡೂಪ್ಲಿಕೇಟ್ ಸಿಡಿ ಬೇಕಾದರೆ ಸುಮ್ನೆ ಕೊಡುತ್ತೇನೆ, ಅಂಚೆ ಖರ್ಚು ನಿಮ್ಮದು.